ಟಿಟಿ ಇಂಜೆಕ್ಷನ್ ನಿನ್ನೆಯ ಗಾಯಕ್ಕಲ್ಲ

ಟಿಟಿ ಇಂಜೆಕ್ಷನ್ ತಡೆಯುವ ಧನುರ್ವಾಯು (ಟೆಟನಸ್) ಬರುವುದು ತುಕ್ಕಿನಿಂದಲ್ಲ. ಹೊಸ ಮೊಳೆಯಿಂದಲೂ ಬರುತ್ತದೆ, ಜಾಲಿಮುಳ್ಳಿನಿಂದಲೂ ಬರುತ್ತದೆ. ಮಣ್ಣಿನಲ್ಲಿ, ಸಗಣಿಯಲ್ಲಿ ಇರುವ ಕ್ಲಾಸ್ಟ್ರಿಡಿಯಂ ಟೆಟನಿ ಬ್ಯಾಕ್ಟೀರಿಯಾದ ಬೀಜಕಗಳು ಒಳಹೊಕ್ಕರೆ ಸಾಕು. ಆಮ್ಲಜನಕ ಇರುವಲ್ಲಿ ಇದು ಬೆಳೆಯದು. ಆದ್ದರಿಂದಲೇ ಬಾಯಿ ಕಿರಿದಾದ ಆಳದ ಗಾಯ ಹೆಚ್ಚು ಅಪಾಯ. 1889ರಲ್ಲಿ ಬರ್ಲಿನ್‌ನಲ್ಲಿದ್ದ ಜಪಾನಿನ ವಿಜ್ಞಾನಿ ಕಿಟಾಸಾಟೊ ಶಿಬಾಸಾಬುರೊ ಈ ಗುಣಗಳನ್ನೇ ಹಿಡಿದು ಹೊರಟರು: ಹಲವು ಸೂಕ್ಷ್ಮಜೀವಿಗಳು ಬೆರೆತು ಬೆಳೆದ ಮಾದರಿಯನ್ನು 80 ಡಿಗ್ರಿಗೆ ಕಾಯಿಸಿ ಬೇರೆಯವನ್ನು ಕೊಂದು, ಶಾಖ ತಾಳಿ ಉಳಿದ ಬೀಜಕಗಳನ್ನು ಹೈಡ್ರೋಜನ್ ತುಂಬಿದ ಪಾತ್ರೆಯಲ್ಲಿ ಬೆಳೆಸಿದರು. ಎಂಥ ಅಚ್ಚುಕಟ್ಟಾದ ಪ್ರಯೋಗ!

ಬ್ಯಾಕ್ಟೀರಿಯಾ ಗಾಯದಲ್ಲೇ ಉಳಿಯುತ್ತದೆ. ಊರು ಸುತ್ತುವುದು ಅದರ ವಿಷ. ಅದು ನರದ ತುದಿ ಹೊಕ್ಕು, ನರದೊಳಗೇ ಹಿಮ್ಮುಖವಾಗಿ ಸಾಗಿ ಬೆನ್ನುಹುರಿ ಸೇರುತ್ತದೆ. ಸ್ನಾಯುಗಳ ಬಿಗಿತವನ್ನು ಅಂಕೆಯಲ್ಲಿಡುವ ನರಕೋಶಗಳು ಅಲ್ಲಿವೆ. ಅವು ಗ್ಲೈಸಿನ್, ಗಾಬಾ ಎಂಬ ರಾಸಾಯನಿಕಗಳನ್ನು ಹೊರಬಿಡಲು ಸಿನಾಪ್ಟೊಬ್ರೆವಿನ್ ಎಂಬ ಪ್ರೊಟೀನ್ ಬೇಕು. ವಿಷ ಅದನ್ನೇ ಕತ್ತರಿಸುತ್ತದೆ. ಬ್ರೇಕ್ ವಯರ್ ತುಂಡಾದಂತೆ. ಹಿಡಿತ ತಪ್ಪಿದ ಸ್ನಾಯುಗಳು ಸೆಟೆಯುತ್ತವೆ, ದವಡೆ ಕಚ್ಚಿಕೊಳ್ಳುತ್ತದೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ.

ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರೆ ಬ್ಯಾಕ್ಟೀರಿಯಾ ಸಾಯುತ್ತದೆ, ಹೊಸ ವಿಷ ನಿಲ್ಲುತ್ತದೆ. ನರಕ್ಕೆ ಅಂಟಿದ ವಿಷವನ್ನು ಯಾವ ಆ್ಯಂಟಿಬಯಾಟಿಕ್ ಕೂಡ ಬಿಡಿಸಲಾರದು. ಲಸಿಕೆಯ ಮಹತ್ವ ಇರುವುದು ಇಲ್ಲೇ. 1920ರ ದಶಕದಲ್ಲಿ ಫ್ರಾನ್ಸಿನ ಗಾಸ್ಟೋನ್ ರಮೋನ್ ಫಾರ್ಮಲಿನ್ ಮತ್ತು ಹದವಾದ ಶಾಖದಿಂದ ಇಂಥ ವಿಷಗಳ ಕೇಡನ್ನು ಕಳೆದು, ದೇಹ ಗುರುತಿಸುವಷ್ಟು ಆಕಾರವನ್ನು ಉಳಿಸುವ ದಾರಿ ತೋರಿಸಿದರು. ಹೀಗೆ ಕೇಡು ಕಳೆದ ವಿಷವೇ ಟಾಕ್ಸಾಯ್ಡ್; ಟಿಟಿ ಎಂದರೆ ಟೆಟನಸ್ ಟಾಕ್ಸಾಯ್ಡ್. ಅದರ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಮುಂದೆ ನಿಜವಾದ ವಿಷ ನರ ಸೇರುವ ಮೊದಲೇ ಅದನ್ನು ಹಿಡಿಯುತ್ತವೆ. ಧನುರ್ವಾಯು ಬಂದು ಬದುಕುಳಿದವರಿಗೂ ಈ ಲಸಿಕೆ ಬೇಕು, ಏಕೆಂದರೆ ಕಾಯಿಲೆ ತರುವ ವಿಷದ ಪ್ರಮಾಣ ಪ್ರತಿಕಾಯ ಹುಟ್ಟಿಸಲೂ ಸಾಲದಷ್ಟು ಅಲ್ಪ.

'24 ಗಂಟೆಯೊಳಗೆ ಟಿಟಿ ಹಾಕಿಸಿದರೆ ಸಾಕು' ಎಂಬ ನಂಬಿಕೆ ಅರ್ಧಸತ್ಯ. ಹಿಂದೆ ಪೂರ್ತಿ ಲಸಿಕೆ ಪಡೆದವರ ದೇಹ ಒಂದು ಬೂಸ್ಟರ್‌ಗೆ ಕೆಲವೇ ದಿನಗಳಲ್ಲಿ ಎಚ್ಚೆತ್ತುಕೊಳ್ಳುತ್ತದೆ. ಒಮ್ಮೆಯೂ ಪಡೆಯದವರಿಗೆ ಮೊದಲ ಡೋಸ್ ಈ ಗಾಯಕ್ಕೆ ಒದಗಿಬರುವುದಿಲ್ಲ. ಗಾಯ ಕೊಳಕಾಗಿದ್ದರೆ ಅವರಿಗೆ ಸಿದ್ಧ ಪ್ರತಿಕಾಯವಾದ ಇಮ್ಯುನೊಗ್ಲಾಬ್ಯುಲಿನ್ 250 ಯೂನಿಟ್ ಕೂಡ, ಲಸಿಕೆ ಚುಚ್ಚಿದ ಜಾಗ ಬಿಟ್ಟು ಬೇರೆ ಜಾಗಕ್ಕೆ ಚುಚ್ಚಬೇಕು. ಲಸಿಕೆಯ ಎರಡನೇ ಡೋಸ್ ನಾಲ್ಕು ವಾರಕ್ಕೆ, ಮೂರನೆಯದು ಅದಾಗಿ 6ರಿಂದ 12 ತಿಂಗಳಿಗೆ. ಪೂರ್ತಿ ಪಡೆದವರಿಗೆ, ಕೊನೆಯ ಡೋಸ್ ಆಗಿ ಶುದ್ಧ ಗಾಯವಾದರೆ 10 ವರ್ಷ, ಕೊಳಕು ಗಾಯವಾದರೆ 5 ವರ್ಷ ಕಳೆದಿದ್ದರೆ ಮಾತ್ರ ಬೂಸ್ಟರ್ ಬೇಕು. ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರೆ ತೋಳು ಊದಿಕೊಳ್ಳಬಹುದು, ಲಾಭವೇನಿಲ್ಲ. ಗಾಯಕ್ಕೆ ಕಾಫಿಪುಡಿ, ಹಸುಗೂಸಿನ ಹೊಕ್ಕುಳಿಗೆ ಸಗಣಿ ಹಚ್ಚುವುದಂತೂ ಬೇಡವೇ ಬೇಡ. ಸಗಣಿಯೆಂದರೆ ಬೀಜಕಗಳನ್ನೇ ಕೈಯಾರೆ ಬಿತ್ತಿದಂತೆ. ಗಾಯವನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆಯಿರಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ಟಿಟಿ ಬದಲು ಡಿಫ್ತೀರಿಯಾವನ್ನೂ (ಗಂಟಲಮಾರಿ) ತಡೆಯುವ ಟಿಡಿ ಲಸಿಕೆ ಕೊಡುತ್ತಾರೆ. ಇದನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ಹೆಪ್ಪುಗಟ್ಟಿದರೆ ಇದರಲ್ಲಿರುವ ಅಲ್ಯೂಮಿನಿಯಂ ಲವಣ ಗಂಟುಕಟ್ಟಿ ಲಸಿಕೆ ಕೆಡುತ್ತದೆ. ಅಲುಗಾಡಿಸಿದ ಮೇಲೂ ಚೂರುಗಳು ಬೇಗ ತಳ ಸೇರುವ ಬಾಟಲಿಯನ್ನು ಬಳಸಬಾರದು.