ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ, ಮಗುವಿಗೆ ನೋವಿದೆ

ದಾವಣಗೆರೆಯಲ್ಲಿ ಯಾವ ಮಕ್ಕಳ ಡಾಕ್ಟರ ಹತ್ತಿರ ಹೋದರೂ ಒಂದು ಬಗೆಯ ಫೈಲ್ ಕಣ್ಣಿಗೆ ಬೀಳುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕೈದು ಕಡೆಯ ಚೀಟಿ, ಎರಡು ಸ್ಕ್ಯಾನಿಂಗ್ ವರದಿ, ರಕ್ತ–ಮೂತ್ರ ಪರೀಕ್ಷೆ, ಒಮ್ಮೊಮ್ಮೆ ಎಂಡೋಸ್ಕೋಪಿಯ ಫೋಟೊ. ಎಲ್ಲದರಲ್ಲೂ ‘ನಾರ್ಮಲ್’. ಮಗು ಮಾತ್ರ ಹೊಕ್ಕುಳ ಮೇಲೆ ಕೈಯಿಟ್ಟು ಕೂತಿರುತ್ತದೆ, ಶಾಲೆ ತಪ್ಪಿ ತಿಂಗಳುಗಳಾಗಿವೆ. ಸುತ್ತಲಿನ ಹಳ್ಳಿಗಳಿಂದ ಬಂದವರಾದರೆ ಅಷ್ಟರಲ್ಲಿ ಹೊಕ್ಕುಳು ಜಾರಿದೆಯೆಂದು ಬಟ್ಟಿ ತಿಕ್ಕಿಸಿ, ದೃಷ್ಟಿ ತೆಗೆಸಿಯೂ ಆಗಿರುತ್ತದೆ. “ಏನೂ ಇಲ್ಲ ಅಂತೀರಿ, ಹಂಗಾರೆ ಯಾಕ್ರೀ ಅಳ್ತಾನೆ?” ಎಂದು ತಾಯಿ ಕೇಳುವ ಹೊತ್ತಿಗೆ ಒಳಗೆ ಮುಂದಿನ ಟೋಕನ್ ಕೂಗಿರುತ್ತಾರೆ.

ಮೂರು ತಿಂಗಳು ಮೀರಿ ಉಳಿಯುವ ಅಥವಾ ಮತ್ತೆ ಮತ್ತೆ ಮರುಕಳಿಸುವ ನೋವನ್ನು ವೈದ್ಯಕೀಯದಲ್ಲಿ ದೀರ್ಘಕಾಲದ ನೋವು ಎನ್ನುತ್ತಾರೆ. ಮಕ್ಕಳಲ್ಲಿ ಇದು ಹೆಚ್ಚಾಗಿ ತಲೆ, ಹೊಟ್ಟೆ, ಬೆನ್ನು, ಕೈಕಾಲುಗಳಲ್ಲಿ ಕಾಣುತ್ತದೆ. ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ ಸುಮಾರು ಐದು ಮಕ್ಕಳಲ್ಲಿ ಒಬ್ಬರಿಗೆ ಇಂಥ ನೋವಿದೆ. ಬಹುಪಾಲು ಮಕ್ಕಳು ಅದರ ಜೊತೆಗೇ ಓಡಾಡಿಕೊಂಡಿರುತ್ತಾರೆ. ಶಾಲೆ, ಆಟ, ನಿದ್ದೆ ಮೂರೂ ಕೈಬಿಟ್ಟವರು ಸ್ವಲ್ಪವೇ. ಈ ಫೈಲುಗಳು ಅವರವು.

ವಿಷಯ ಇಷ್ಟು ಗೋಜಲಾಗಿದ್ದು ಹೇಗೆ ಎಂದು ಹುಡುಕಿದರೆ, ಮಕ್ಕಳ ನೋವನ್ನು ನಂಬದ ಚರಿತ್ರೆಯೇ ಉದ್ದವಾಗಿದೆ. 1980ರ ದಶಕದವರೆಗೂ ಹಸುಗೂಸುಗಳಿಗೆ ನೋವು ಪೂರ್ತಿ ತಿಳಿಯದು ಎಂಬ ನಂಬಿಕೆಯಲ್ಲಿ, ಸ್ನಾಯು ಸಡಿಲಿಸುವ ಔಷಧ ಕೊಟ್ಟು, ನೋವು ನಿವಾರಕ ಇಲ್ಲದೆಯೇ ಅಥವಾ ನೆಪಕ್ಕಷ್ಟೇ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುತ್ತಿದ್ದದ್ದುಂಟು. ಭಾರತ ಮೂಲದ ವೈದ್ಯ ಕೆ.ಜೆ.ಎಸ್. ಆನಂದ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಆಪರೇಷನ್ ವೇಳೆ ಸರಿಯಾದ ನೋವು ನಿವಾರಕ ಕೊಟ್ಟಾಗ ದೇಹದ ಆಘಾತವೂ ತೊಡಕುಗಳೂ ಕಡಿಮೆಯಾದದ್ದನ್ನು ತೋರಿಸಿತು. ಕೂಸಿನ ನೋವಿನ ವಾದ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು.

ದೊಡ್ಡ ಮಕ್ಕಳ ಹೊಟ್ಟೆನೋವಿನ ವಾದ ಮುಗಿಯಲಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನ ಮಕ್ಕಳ ವೈದ್ಯ ಜಾನ್ ಆಪ್ಲಿ 1958ರಲ್ಲಿ ಸಾವಿರ ಶಾಲಾ ಮಕ್ಕಳನ್ನು ನೋಡಿ, ಸುಮಾರು ಹತ್ತರಲ್ಲಿ ಒಬ್ಬರಿಗೆ ಮರುಕಳಿಸುವ ಹೊಟ್ಟೆನೋವಿದೆ ಎಂದರು. ಅಂಥ ಮಕ್ಕಳಲ್ಲಿ ಬಹುತೇಕರ ಒಳಗೆ ಕಾಯಿಲೆಯೇನೂ ಸಿಗಲಿಲ್ಲ. ನೋವು ಹೊಕ್ಕುಳಿನಿಂದ ದೂರ ಹೋದಷ್ಟೂ ಒಳಗೆ ಕಾಯಿಲೆ ಇರುವ ಸಾಧ್ಯತೆ ಹೆಚ್ಚು ಎಂಬ ಅವರ ಸೂತ್ರವನ್ನು ಡಾಕ್ಟರುಗಳು ಇಂದಿಗೂ ನೆನಪಿಟ್ಟುಕೊಂಡಿದ್ದಾರೆ. ಆದರೆ ‘ಕಾಯಿಲೆ ಇಲ್ಲ’ ಎನ್ನುವುದು ಮುಂದಿನ ದಶಕಗಳಲ್ಲಿ ‘ನೋವೇ ಇಲ್ಲ’ ಎಂದಾಗಿ, ಆಮೇಲೆ ‘ತಾಯಿಯ ಮುದ್ದು ಜಾಸ್ತಿ’ ಎಂದಾಗಿ ಇಳಿದುಬಂತು. ಸ್ಕ್ಯಾನಿಂಗ್ ಯಂತ್ರ ತಾಲ್ಲೂಕಿನವರೆಗೂ ಬಂದ ಮೇಲೆ ಇದಕ್ಕೆ ಇನ್ನೊಂದು ಸಿಕ್ಕು ಸೇರಿತು.

ಆ ಸಿಕ್ಕನ್ನು ಸ್ವಲ್ಪ ಬಿಡಿಸಿಯೇ ನೋಡಬೇಕು. ಮಗುವಿನ ಹೊಟ್ಟೆಯ ಅಲ್ಟ್ರಾಸೌಂಡ್‌ನಲ್ಲಿ ಕರುಳಿನ ಪೊರೆಯ ದುಗ್ಧಗ್ರಂಥಿಗಳು (ಸೋಂಕಿನ ವಿರುದ್ಧ ಹೋರಾಡುವ ಸಣ್ಣ ಗಂಟುಗಳು) ಕಾಣುವುದು ಮಾಮೂಲು. ಆರೋಗ್ಯವಾಗಿರುವ ಮಕ್ಕಳಲ್ಲೂ ಕಾಣುತ್ತವೆ, ಉದ್ದ–ಅಗಲಗಳಲ್ಲಿ ಚಿಕ್ಕ ಅಳತೆ 8 ಮಿ.ಮೀ. ಒಳಗಿದ್ದರೆ ಸಾಮಾನ್ಯವಾಗಿ ಚಿಂತೆ ಬೇಡ. ವರದಿಯಲ್ಲಿ ಅದನ್ನು ಬರೆದಿರುತ್ತಾರೆ, ಬರೆಯಲೇಬೇಕು. ಮನೆಗೆ ಬರುವಷ್ಟರಲ್ಲಿ ಅದು ‘ಹೊಟ್ಟೇಲಿ ಗಂಟಿದೆ’ ಎಂದಾಗುತ್ತದೆ. ಅಲ್ಲಿಂದ ಆ್ಯಂಟಿಬಯೋಟಿಕ್, ಇನ್ನೊಂದು ಸ್ಕ್ಯಾನ್, ‘ಟಿಬಿ ಇರಬಹುದಾ’ ಎಂಬ ಗುಮಾನಿ. ಪ್ರತಿ ಪರೀಕ್ಷೆಯೂ ಮಗುವಿಗೆ ಹೇಳುವುದು ಒಂದೇ: ನಿನ್ನೊಳಗೆ ಏನೋ ಇದೆ, ಇನ್ನೂ ಸಿಕ್ಕಿಲ್ಲ. ಐದು ನಿಮಿಷದ ಓಪಿಡಿಯಲ್ಲಿ ಪರೀಕ್ಷೆ ಬರೆದುಕೊಡುವುದು ಸುಲಭ, ಪರೀಕ್ಷೆ ಯಾಕೆ ಬೇಡ ಎಂದು ವಿವರಿಸಲು ಅರ್ಧ ಗಂಟೆ ಬೇಕು.

ಪರೀಕ್ಷೆ ಬೇಕೇ ಬೇಕಾದ ಸಂದರ್ಭಗಳಿಲ್ಲವೆಂದಲ್ಲ. ತೂಕ ಇಳಿಯುವುದು, ಎತ್ತರ ನಿಂತುಹೋಗುವುದು, ಮಲದಲ್ಲಿ ರಕ್ತ, ಪದೇ ಪದೇ ಜ್ವರ, ಹಸಿರು ವಾಂತಿ, ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವು, ಬಲಭಾಗಕ್ಕೇ ಕಟ್ಟಿಕೊಂಡ ನೋವು, ಬೆಳಗ್ಗೆ ಎದ್ದ ಕೂಡಲೇ ವಾಂತಿಯೊಂದಿಗೆ ಬರುವ ತಲೆನೋವು, ಊದಿದ ಕೀಲು, ಕುಂಟುವುದು: ಇದರಲ್ಲಿ ಯಾವುದೊಂದಿದ್ದರೂ ತಡ ಮಾಡುವಂತಿಲ್ಲ. ಸಂಜೆ–ರಾತ್ರಿ ಎರಡೂ ಕಾಲು ನೋಯುತ್ತದೆ, ಬೆಳಗ್ಗೆ ಎದ್ದು ಓಡುತ್ತದೆ ಎಂದರೆ ಅದು ಬೆಳೆಯುವ ಮಕ್ಕಳ ಸಾಮಾನ್ಯ ಕಾಲುನೋವು. ಒಂದೇ ಕಾಲು, ಹಗಲೂ ಇದೆ ಎಂದರೆ ತೋರಿಸಿ. ಚಿತ್ರದುರ್ಗ ಜಿಲ್ಲೆಯ ಫ್ಲೋರೈಡ್ ನೀರಿನ ಊರುಗಳ ಮಕ್ಕಳಲ್ಲಿ ಹಲ್ಲಿನ ಮೇಲೆ ಸುಣ್ಣದಂಥ ಬಿಳುಪು ಅಥವಾ ಕಂದು ಪಟ್ಟೆ ಇದ್ದು ಕೀಲುನೋವೂ ಇದ್ದರೆ, ಕುಡಿಯುವ ನೀರನ್ನು ಪರೀಕ್ಷೆಗೆ ಕೊಡುವುದು ಮೊದಲ ಕೆಲಸ. ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದ ಕಡೆ 1.5 ಮೀರಬಾರದು. ಬೆನ್ನುನೋವಿಗೆ ಸ್ಕೂಲ್ ಬ್ಯಾಗನ್ನು ಬೈಯುವುದು ರೂಢಿ. 2019ರಲ್ಲಿ ರಾಜ್ಯ ಸರ್ಕಾರ ತರಗತಿವಾರು ತೂಕದ ಮಿತಿ ಹಾಕಿದ್ದು ಒಳ್ಳೆಯದೇ. ಆದರೆ ಬ್ಯಾಗಿನ ತೂಕವೇ ಬೆನ್ನುನೋವು ತರುತ್ತದೆ ಎನ್ನಲು ಗಟ್ಟಿ ಆಧಾರ ಸಿಕ್ಕಿಲ್ಲ.

ಕಾಯಿಲೆ ಇಲ್ಲದೆ ನೋವು ಉಳಿಯುವುದು ಹೇಗೆ? ಎಷ್ಟೋ ಸಲ ಶುರುವಾಗುವುದು ನಿಜವಾದ ಕಾಯಿಲೆಯಿಂದಲೇ: ವಾಂತಿಭೇದಿ, ವೈರಲ್ ಜ್ವರ, ಉಳುಕು. ಕಾಯಿಲೆ ವಾಸಿಯಾದರೂ ನರಗಳ ಎಚ್ಚರ ತಗ್ಗುವುದಿಲ್ಲ. ಕಳ್ಳ ಹೋದ ಮೇಲೂ ಬೆಕ್ಕು ಹಾದರೆ ಬೊಗಳುವ ನಾಯಿಯ ಹಾಗೆ, ಮಾಮೂಲಿ ಗ್ಯಾಸ್ ಕರುಳನ್ನು ಹಿಗ್ಗಿಸಿದರೂ ಮಿದುಳು ಅದನ್ನು ನೋವೆಂದೇ ಓದುತ್ತದೆ. ನೋವೆಂದು ಮಲಗಿದ ಮಗುವಿನ ಸ್ನಾಯು ಸೊರಗುತ್ತದೆ, ಹಗಲು ನಿದ್ದೆಯಿಂದ ರಾತ್ರಿ ನಿದ್ದೆ ಕೆಡುತ್ತದೆ, ಬಿಟ್ಟುಹೋದ ಪಾಠದ ಭಯ ಬೇರೆ. ಇದರಲ್ಲಿ ನಾಟಕ ಎಲ್ಲೂ ಇಲ್ಲ.

ತಂದೆತಾಯಿಯ ಪಾತ್ರ ಅಧ್ಯಯನಕ್ಕೆ ಬಂದದ್ದು ಇತ್ತೀಚೆಗೆ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿನ್ ವಾಕರ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಹೊಟ್ಟೆನೋವಿನ ಮಕ್ಕಳಿಗೂ ಆರೋಗ್ಯವಂತ ಮಕ್ಕಳಿಗೂ ಹೊಟ್ಟೆ ತುಂಬಿ ಬಿಗಿಯುವಷ್ಟು ನೀರು ಕುಡಿಸಿದರು. ಕೆಲವು ಪೋಷಕರಿಗೆ, ಮಗು ನೋವೆಂದಾಗ ಸಂತೈಸಿ, ವಿಚಾರಿಸಿ ಎಂದರು. ಕೆಲವರಿಗೆ ಮಾತು ಬೇರೆ ಕಡೆ ತಿರುಗಿಸಿ ಎಂದರು. ಇನ್ನು ಕೆಲವರಿಗೆ ಏನೂ ಹೇಳಲಿಲ್ಲ. ಏನೂ ಹೇಳದ ಗುಂಪಿಗೆ ಹೋಲಿಸಿದರೆ, ವಿಚಾರಿಸಿದ ಗುಂಪಿನಲ್ಲಿ ಮಕ್ಕಳ ದೂರು ಹೆಚ್ಚುಕಡಿಮೆ ಇಮ್ಮಡಿಯಾಯಿತು, ಮಾತು ತಿರುಗಿಸಿದ ಗುಂಪಿನಲ್ಲಿ ಅರ್ಧಕ್ಕಿಳಿಯಿತು. ಕುತೂಹಲದ ಸಂಗತಿ ಆಮೇಲಿನದು. ಮಾತು ತಿರುಗಿಸಿದ್ದರಿಂದ ಹಾಯೆನಿಸಿತು ಎಂದರು ನೋವಿದ್ದ ಮಕ್ಕಳು. ಹಾಗೆ ಮಾಡಿದರೆ ಮಗುವಿಗೆ ಕೆಡುಕಾದೀತು ಎಂಬ ಅಳುಕು ಅವರ ತಾಯಂದಿರಿಗೇ ಹೆಚ್ಚಿತ್ತು.

ಇದನ್ನು ‘ತಪ್ಪು ತಾಯಿಯದೇ’ ಎಂದು ಓದಿದವರೂ ಉಂಟು. ಪ್ರಯೋಗ ಹೇಳಿದ್ದು ಅದಲ್ಲ. ಜ್ವರ ಬಂದ ಮಗುವಿಗೆ ಒಪ್ಪುವ ಆರೈಕೆಯನ್ನೇ, ಆರು ತಿಂಗಳ ನೋವಿಗೂ ಮುಂದುವರಿಸಿದರೆ ಮಗುವಿನ ಗಮನ ನೋವಿನ ಮೇಲೇ ನಿಲ್ಲುತ್ತದೆ. ಬೇರೆ ದಾರಿಯನ್ನು ತಂದೆತಾಯಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಮಗುವನ್ನು ಹಾಸ್ಟೆಲ್ಲಿಗೆ ಬಿಟ್ಟು ಪಿಯು ಓದಿಸುವವರು ರಾತ್ರಿ ಫೋನಿನಲ್ಲಿ ಮೊದಲು ಕೇಳುವುದೇ “ಇವತ್ತು ತಲೆನೋವು ಬಂತೇನಪ್ಪಾ?” ಎಂದು. ಬರದಿದ್ದ ದಿನವೂ ಹುಡುಗ ಒಮ್ಮೆ ಹಣೆ ಮುಟ್ಟಿ ನೋಡಿಕೊಳ್ಳುತ್ತಾನೆ.

ಬೇರೆ ದಾರಿ ಎಂದರೆ ಇಷ್ಟು. ಮೊದಲ ದಿನ ಮಗುವನ್ನು ಕೂರಿಸಿಕೊಂಡು ಒಂದೇ ಸಲ ಹೇಳಿಬಿಡುವುದು: “ನೋವು ನಿಜ ಅಂತ ನಮಗೆ ಗೊತ್ತು. ಇನ್ಮೇಲೆ ನಾವಾಗೇ ಕೇಳಲ್ಲ. ಹೊಸ ಥರ ನೋವು ಬಂದ್ರೆ ನೀನೇ ಹೇಳು.” ನೋವೆಂದಾಗ ಗದರದೆ, ಕಣ್ಣೀರು ಹಾಕದೆ, ಉಸಿರಾಟ ಮಾಡಿಸಿ ಕೆಲಸಕ್ಕೆ ಹಚ್ಚುವುದು. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಹೊಟ್ಟೆ ಉಬ್ಬಿಸಿ ಒಳಗೆ, ಆರು ಎಣಿಸುವಷ್ಟು ಹೊರಗೆ, ಐದು ನಿಮಿಷ. ನೋವಿಲ್ಲದ ಹೊತ್ತಿನಲ್ಲಿ ದಿನಕ್ಕೆರಡು ಸಲ ರೂಢಿಯಾಗಿದ್ದರೆ ಮಾತ್ರ ನೋವಿನ ಹೊತ್ತಿಗೆ ಕೈಹಿಡಿಯುತ್ತದೆ. ಶಾಲೆ ಪೂರ್ತಿ ಬಿಟ್ಟಿದ್ದರೆ ಮೊದಲ ವಾರ ಎರಡು ಪೀರಿಯಡ್, ಮುಂದಿನ ವಾರ ಊಟದ ಬೆಲ್‌ವರೆಗೆ, ಆಮೇಲೆ ಪೂರ್ತಿ ದಿನ. ನೋವು ಹೇಗಿದ್ದರೂ ಅಷ್ಟು ಹೊತ್ತು ಹೋಗುವುದು, ನೋವಿಲ್ಲವೆಂದು ಹೆಚ್ಚು ಹೊತ್ತು ನಿಲ್ಲದಿರುವುದು. ಮನೆಯಲ್ಲಿ ಉಳಿದ ದಿನ ಟಿವಿ, ಮೊಬೈಲ್ ಇಲ್ಲ. ಭಾನುವಾರವೂ ಏಳುವ ಹೊತ್ತು ಅದೇ.

ಹೊಟ್ಟೆನೋವಿನಲ್ಲಿ ಮಲಬದ್ಧತೆ ಅಡಗಿದೆಯೇ ನೋಡಬೇಕು. ಶಾಲೆಯ ಶೌಚಾಲಯಕ್ಕೆ ಹೆದರಿ ನೀರೇ ಕುಡಿಯದ ಹೆಣ್ಣುಮಕ್ಕಳು ಎಷ್ಟೋ ಜನ. ಊಟವಾದ ಮೇಲೆ ಐದು–ಹತ್ತು ನಿಮಿಷ ಕೂರಿಸುವುದು, ಕಮೋಡ್ ಆದರೆ ಕಾಲಿಗೆ ಮಣೆ ಇಡುವುದು. ಮಲ ಸಡಿಲಾಗಲು ಡಾಕ್ಟರು ಕೊಟ್ಟ ಪುಡಿಯನ್ನು ಹೊಟ್ಟೆ ಸರಿಯಾಯಿತೆಂದು ವಾರಕ್ಕೇ ನಿಲ್ಲಿಸಿದರೆ ತಿಂಗಳಲ್ಲಿ ಮತ್ತೆ ಅದೇ ಕತೆ. ತಲೆನೋವಿಗೆ ಪ್ಯಾರಸಿಟಮಾಲ್ ಆದರೆ ಒಂದು ಸಲಕ್ಕೆ ಕೆ.ಜಿ. ತೂಕಕ್ಕೆ 15 ಮಿ.ಗ್ರಾಂ, ವಾರಕ್ಕೆ ಎರಡು–ಮೂರು ದಿನಕ್ಕಿಂತ ಹೆಚ್ಚು ಬೇಡ. ಮೂರು ತಿಂಗಳು ಮೀರಿ ತಿಂಗಳಿಗೆ 15 ದಿನ ನುಂಗಿದರೆ ಮಾತ್ರೆಯೇ ತಲೆನೋವು ತರುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ದೇಶದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ.

ಈ ಕ್ರಮ ಕೆಡುವುದು ಸಾಮಾನ್ಯವಾಗಿ ಮೊದಲ ಹತ್ತು ದಿನದಲ್ಲಿ. ಮನೆಯವರ ನಡತೆ ಬದಲಾದ ಕೂಡಲೇ ಮಗುವಿನ ದೂರು ಇಳಿಯುವ ಬದಲು ಏರುತ್ತದೆ. ಇದು ಗೊತ್ತಿರದ ಮನೆಯಲ್ಲಿ ನಾಲ್ಕನೇ ದಿನಕ್ಕೆ ಅಪ್ಪ ಗದರುತ್ತಾನೆ, ಅಜ್ಜಿ ‘ಒಂದಿನ ಬಿಟ್ರೆ ಏನಾಗುತ್ತೆ’ ಎಂದು ಬ್ಯಾಗ್ ಇಳಿಸುತ್ತಾಳೆ. ಇನ್ನಷ್ಟು ಅತ್ತರೆ ರಜೆ ಸಿಗುತ್ತದೆ ಎಂದು ಮಗು ಕಲಿಯುವುದು ಆ ದಿನ. ಅದಕ್ಕೇ ಅಜ್ಜಿಯನ್ನೂ ಡಾಕ್ಟರ ಹತ್ತಿರ ಕರೆದೊಯ್ಯುವುದು ಲೇಸು. ಶಾಲೆಗೊಯ್ಯುವ ಚೀಟಿಯಲ್ಲೂ ‘ವಿಶ್ರಾಂತಿ ಅಗತ್ಯ’ ಎಂದು ಬರೆಸಬಾರದು. ‘ನೋವೆಂದರೆ ಹತ್ತು ನಿಮಿಷ ಕೂರಿಸಿ, ಶೌಚಾಲಯಕ್ಕೆ ಬಿಡಿ, ತರಗತಿಗೆ ಕಳಿಸಿ, ಮನೆಗೆ ಫೋನ್ ಬೇಡ’ ಎಂದಿದ್ದರೆ ಶಿಕ್ಷಕರಿಗೂ ಧೈರ್ಯ. ಮೊದಲು ಸುಧಾರಿಸುವುದು ಹಾಜರಿ, ಆಮೇಲೆ ನಿದ್ದೆ. ನೋವು ಇಳಿಯುವುದು ಕೊನೆಗೆ, ವಾರಗಳೋ ತಿಂಗಳುಗಳೋ ಕಳೆದು.

ವಿಶ್ವ ಆರೋಗ್ಯ ಸಂಸ್ಥೆ 2020ರ ಡಿಸೆಂಬರಿನಲ್ಲಿ ಹೊರತಂದ ಮಾರ್ಗಸೂಚಿ ಮಕ್ಕಳ ದೀರ್ಘಕಾಲದ ನೋವಿಗೆ ವ್ಯಾಯಾಮ, ಮನೋಚಿಕಿತ್ಸೆ, ಔಷಧ ಮೂರನ್ನೂ ಹೇಳುತ್ತದೆ. ನಮ್ಮ ಜಿಲ್ಲೆಗಳಲ್ಲಿ ಬೀದಿಬೀದಿಗೂ ಸಿಗುವುದು ಮೂರನೆಯದು, ಮಕ್ಕಳ ಮೈಗ್ರೇನ್ ತಡೆಯಲು ಕೊಡುತ್ತಿದ್ದ ಎರಡು ಹೆಸರಾಂತ ಮಾತ್ರೆಗಳು 2017ರ ದೊಡ್ಡ ಅಧ್ಯಯನವೊಂದರಲ್ಲಿ ಔಷಧವೇ ಇಲ್ಲದ ಖಾಲಿ ಮಾತ್ರೆಯನ್ನು ಮೀರಿಸಲಿಲ್ಲ ಎಂಬುದು ಬೇರೆ ಮಾತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಆಪ್ತಸಮಾಲೋಚನೆ ಇದೆ, ಬೋರ್ಡ್ ನೋಡಿ ‘ನಮ್ಮ ಹುಡುಗಿಗೆ ತಲೆ ಕೆಟ್ಟಿಲ್ಲ’ ಎಂದು ಹಿಂದಿರುಗುವವರೂ ಇದ್ದಾರೆ. ಅಂಥವರನ್ನು ಮೊದಲು ಫಿಸಿಯೋಥೆರಪಿಗೆ ಕಳಿಸಿ, ನಡಿಗೆ–ವ್ಯಾಯಾಮದ ಜೊತೆಗೇ ಉಳಿದ ಮಾತು ಶುರು ಮಾಡಬಹುದು. ಬೋರ್ಡ್ ಇಲ್ಲದ ದಾರಿಯೂ ಒಂದಿದೆ: 2022ರಲ್ಲಿ ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416. ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ಮಗುವಿನ ಬದಲು ತಂದೆತಾಯಿಯೇ ಕರೆ ಮಾಡಿದರೂ ನಡೆಯುತ್ತದೆ.