ಅರೆಸ್ಟ್ ಆದ ದಾಖಲೆ ಅಳಿಸಬಹುದಾ? ಕಾನೂನು ಓದುವ ಗೆಳೆಯರಿಗೆ ಒಂದು ಟಿಪ್ಪಣಿ

ಮೊದಲೇ ಹೇಳಿಬಿಡುತ್ತೇನೆ, ಬಂಧನದ ದಾಖಲೆಯನ್ನು ಒಂದೇ ಏಟಿಗೆ ಅಳಿಸಿಹಾಕುವ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು ಇದೆ. ಪೆನ್ಸಿಲ್ವೇನಿಯಾದಲ್ಲಂತೂ ಕೆಲವು ಹಳೇ ದಾಖಲೆಗಳು ಯಾರೂ ಅರ್ಜಿ ಹಾಕದೆ ತಾವಾಗಿಯೇ ಮುಚ್ಚಿಹೋಗುವಂತೆ 2018ರಲ್ಲೇ ಕಾಯ್ದೆ ಮಾಡಿದರು. ಅಂಥದ್ದೇ ಸೆಕ್ಷನ್ ಹುಡುಕಿಕೊಂಡು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಕ್ರಿಮಿನಲ್ ಕೇಸು ಹೇಗೆ ನಡೆಯಬೇಕು ಅಂತ ಹೇಳುವ ಕಾಯ್ದೆ) ಪುಟ ತಿರುವಿದರೆ ಸುಮ್ನೆ ಹೊತ್ತು ಹೋಗುತ್ತದೆ. ಇಲ್ಲಿ ಯಾವ ದಾಖಲೆ, ಅದು ಯಾರ ಕೈಯಲ್ಲಿದೆ ಅಂತ ಮೊದಲು ಕೇಳಿಕೊಳ್ಳಬೇಕು. ಠಾಣೆಯ ಪುಸ್ತಕ ಬೇರೆ, ಬೆರಳಚ್ಚು ಬೇರೆ, ಕೋರ್ಟಿನ ಕಡತ ಬೇರೆ, ಗೂಗಲ್‌ನಲ್ಲಿ ಬರುವ ಹೆಸರು ಬೇರೆ. ಒಂದೊಂದಕ್ಕೂ ದಾರಿ ಬೇರೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಬಂದಿಲ್ಲ ಅಂತ ಮಾನ್ವಿ ಕಡೆ ರಸ್ತೆ ತಡೆ ನಡೆಯಿತು (ನಮ್ಮ ಕಡೆ ಇದೇನು ಹೊಸದಲ್ಲ). 22 ವರ್ಷದ ಹುಡುಗನೊಬ್ಬನನ್ನೂ ಜೀಪು ಹತ್ತಿಸಿದರು. ಬೆರಳಚ್ಚು, ಫೋಟೋ ಎಲ್ಲಾ ಆಯ್ತು, ಜಾಮೀನು ಸಿಕ್ಕಿತು, ಮುಂದೆ ಕೇಸ್ ನಡೆದು ಖುಲಾಸೆಯೂ ಆಯ್ತು. ಈಗ ಅವನು ಕಾನ್ಸ್‌ಟೇಬಲ್ ಹುದ್ದೆಗೆ ಅರ್ಜಿ ಹಾಕಬೇಕು.

ಬೆರಳಚ್ಚಿನಿಂದ ಶುರು ಮಾಡೋಣ. 1920ರ ಹಳೇ ಕಾಯ್ದೆ ತೆಗೆದು, 2022ರಲ್ಲಿ ಕ್ರಿಮಿನಲ್ ಪ್ರೊಸೀಜರ್ (ಐಡೆಂಟಿಫಿಕೇಶನ್) ಆಕ್ಟ್ ತಂದರು. ಆ ವರ್ಷದ ಆಗಸ್ಟ್ 4ರಿಂದ ಜಾರಿ. ಸೆಕ್ಷನ್ 4ರ ಪ್ರಕಾರ ತೆಗೆದುಕೊಂಡ ಅಳತೆ, ಗುರುತುಗಳನ್ನು 75 ವರ್ಷ ಇಡುತ್ತಾರೆ. ಅಂದರೆ ನಮ್ಮ ಹುಡುಗನ ಬೆರಳಚ್ಚು ಅವನಿಗೆ 97 ತುಂಬುವವರೆಗೆ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ಕಂಪ್ಯೂಟರ್‌ನಲ್ಲಿ! ಆದರೆ ಅದೇ ಸೆಕ್ಷನ್‌ನ ಪರಂತುಕ ("ಆದರೆ" ಅಂತ ವಿನಾಯಿತಿ ಕೊಡುವ ಭಾಗ) ಓದಿ, ಪರೀಕ್ಷೆಗೂ ಅದೇ ಮುಖ್ಯ. ಹಿಂದೆ ಜೈಲು ಶಿಕ್ಷೆ ಆಗುವಂಥ ಯಾವ ಅಪರಾಧದಲ್ಲೂ ದೋಷಿ ಅಂತ ತೀರ್ಪಾಗಿರಬಾರದು. ವಿಚಾರಣೆ ಇಲ್ಲದೆ ಬಿಡುಗಡೆ, ಡಿಸ್ಚಾರ್ಜ್ (ಆರೋಪ ಹೊರಿಸುವ ಮೊದಲೇ ಕೋರ್ಟ್ ಬಿಟ್ಟುಬಿಡುವುದು) ಅಥವಾ ಖುಲಾಸೆ, ಈ ಮೂರರಲ್ಲಿ ಒಂದು ಆಗಿರಬೇಕು. ಅಪೀಲು ಗಿಪೀಲು ಎಲ್ಲಾ ಮುಗಿದಿರಬೇಕು. ಇಷ್ಟಾದರೆ ಆ ದಾಖಲೆ ನಾಶ ಮಾಡಲೇಬೇಕು. ಬೇಡ ಅನ್ನುವುದಾದರೆ ಕೋರ್ಟ್ ಕಾರಣ ಬರೆದು ಆದೇಶ ಮಾಡಬೇಕು.

ಕೇಳೋಕೆ ಚೆನ್ನಾಗಿದೆ. ಆದರೆ ಈ ಕಾಯ್ದೆಯ 2022ರ ನಿಯಮಗಳ ಪ್ರಕಾರ ಇದಕ್ಕಾಗಿ ರಾಜ್ಯದ ನೋಡಲ್ ಅಧಿಕಾರಿಗೆ ಕೋರಿಕೆ ಸಲ್ಲಿಸಬೇಕು. ತಪ್ಪಿಲ್ಲ ಅಂತ ಕೋರ್ಟೇ ಹೇಳಿದ ಮೇಲೂ ಅವನೇ ಕಾಗದ ಹಿಡಿದು ಓಡಾಡಬೇಕು ಅನ್ನೋದು ನನಗೇನೋ ಸರಿ ಕಾಣುವುದಿಲ್ಲ. ಇನ್ನೊಂದು, ಇದೆಲ್ಲಾ ಅಳತೆ, ಗುರುತುಗಳಿಗೆ ಮಾತ್ರ. ಎಫ್‌ಐಆರ್ ಅಲ್ಲೇ ಇರುತ್ತದೆ.

ಎಫ್‌ಐಆರ್ ರದ್ದು ಮಾಡಿಸಬೇಕಾದರೆ ಹೈಕೋರ್ಟಿಗೇ ಹೋಗಬೇಕು. ಹಳೇ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 482, 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ 528. ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ರಸ್ತೆ ತಡೆಯಂಥ ಕೇಸುಗಳಲ್ಲಿ ಇನ್ನೊಂದು ದಾರಿಯೂ ಇದೆ. ಸರ್ಕಾರಿ ಅಭಿಯೋಜಕರು (ಸರ್ಕಾರದ ಪರ ವಕೀಲರು) ಬಿಎನ್‌ಎಸ್‌ಎಸ್ ಸೆಕ್ಷನ್ 360ರಲ್ಲಿ ಕೋರ್ಟಿನ ಒಪ್ಪಿಗೆ ಪಡೆದು ಕೇಸ್ ವಾಪಸ್ ತೆಗೆಯಬಹುದು. ರೈತ ಸಂಘದವರು "ಕೇಸ್ ವಾಪಸ್ ತಗೊಳ್ಳಿ" ಅಂತ ಮನವಿ ಕೊಡುವುದು ಇದಕ್ಕೇ. ಕೋರ್ಟ್ ಆರೋಪ (ಚಾರ್ಜ್) ಹೊರಿಸುವ ಮೊದಲು ವಾಪಸಾದರೆ ಡಿಸ್ಚಾರ್ಜ್, ಆಮೇಲೆ ಆದರೆ ಖುಲಾಸೆ. ರಾಜಿ ಆಗುವಂಥ ಕೇಸಾದರೆ ಸೆಕ್ಷನ್ 359, ಆ ರಾಜಿಗೂ ಖುಲಾಸೆಯದ್ದೇ ಬೆಲೆ.

ಇನ್ನು ನೌಕರಿ. ಜಾಸ್ತಿ ಹುಡುಗರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಪರಿಶೀಲನಾ ನಮೂನೆಯಲ್ಲಿ "ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ?" ಅಂತ ಕೇಳಿದ್ದರೆ, ಖುಲಾಸೆ ಆಗಿದ್ದರೂ "ಹೌದು" ಅಂತಲೇ ಬರೆಯಬೇಕು, ತೀರ್ಪಿನ ನಕಲು ಲಗತ್ತಿಸಬೇಕು. ಕೇಸ್ ಮುಗಿದಿದೆಯಲ್ಲ ಅಂತ "ಇಲ್ಲ" ಬರೆದರೆ, ಆ ಸುಳ್ಳೇ ಹೊಸ ಕಂಟಕ. 2016ರ ಅವತಾರ್ ಸಿಂಗ್ ತೀರ್ಪನ್ನು ಪೂರ್ತಿ ಓದಿ, ನೋಟ್ಸ್ ನಂಬಬೇಡಿ (ಇದೂ ಸೇರಿ). ಮುಚ್ಚಿಟ್ಟ ವಿಷಯ ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣದಾಗಿದ್ದರೆ ನೇಮಕ ಮಾಡುವವರು ಮನ್ನಿಸಬಹುದು ಅಂತ ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ. ಆದರೆ ನಿಜ ಬರೆದರೂ ಕೆಲಸ ಕೊಡಲೇಬೇಕು ಅಂತಿಲ್ಲ, ಹಿನ್ನೆಲೆ ನೋಡುವ ಅಧಿಕಾರ ಅವರಿಗಿದೆ. ಅದಕ್ಕೇ ಖುಲಾಸೆ ಹೇಗೆ ಆಯ್ತು ಅನ್ನೋದು ಲೆಕ್ಕಕ್ಕೆ ಬರುತ್ತದೆ. ಆರೋಪವೇ ಸುಳ್ಳು ಅಂತ ಬಿಟ್ಟರಾ, ಸಂಶಯದ ಲಾಭ ಕೊಟ್ಟು ಬಿಟ್ಟರಾ?

18 ತುಂಬದವರ ವಿಷಯದಲ್ಲಿ ಕಾನೂನು ಎಷ್ಟೋ ಮೆತ್ತಗಿದೆ. 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 24ರಲ್ಲಿ ದಾಖಲೆ ನಾಶ ಮಾಡಲು ಬಾಲನ್ಯಾಯ ಮಂಡಳಿಯೇ ಆದೇಶಿಸುತ್ತದೆ. 16 ದಾಟಿದವರು ಘೋರ ಅಪರಾಧದಲ್ಲಿ ವಯಸ್ಕರಂತೆ ವಿಚಾರಣೆಯಾಗಿ ತಪ್ಪಿತಸ್ಥರಾದರೆ ಈ ರಕ್ಷಣೆ ಇಲ್ಲ. ಕೇಸ್ ನಡೆಯುತ್ತಿರಲಿ, ಮುಗಿದಿರಲಿ, ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಆ ಮಗುವಿನ ದಾಖಲೆ ಹೊರಗೆ ಹೇಳುವಂತಿಲ್ಲ, ಅದು ಸೆಕ್ಷನ್ 74.

ಗೂಗಲ್ ವಿಷಯಕ್ಕೆ ನೇರ ಸೆಕ್ಷನ್ ಇಲ್ಲ, ತೀರ್ಪುಗಳೇ ಆಧಾರ. 2017ರ ಜನವರಿಯಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಬ್ಬ ಹೆಣ್ಣುಮಗಳ ಹೆಸರು ಇಂಟರ್ನೆಟ್ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಿ ಅಂತ ರಿಜಿಸ್ಟ್ರಿಗೆ (ಕೋರ್ಟಿನ ಕಚೇರಿಗೆ) ಹೇಳಿತು. ಆದೇಶದ ದೃಢೀಕೃತ ನಕಲಿನಲ್ಲಿ ಹೆಸರು ಇದ್ದೇ ಇರುತ್ತದೆ ಅಂತಲೂ ಹೇಳಿತು. ಖುಲಾಸೆ ಆದವರ ವಿಷಯಕ್ಕೆ 2021ರ ದೆಹಲಿ ಹೈಕೋರ್ಟ್ ಆದೇಶ ನೋಡಿ. ಮಾದಕ ವಸ್ತು ಕೇಸಿನಲ್ಲಿ ಖುಲಾಸೆಯಾದ ಅಮೆರಿಕ ಪ್ರಜೆಯೊಬ್ಬರ ತೀರ್ಪು ಹುಡುಕಾಟದಲ್ಲಿ ಸಿಗದಂತೆ ತಡೆಯಿರಿ ಅಂತ ಕೋರ್ಟ್ ಹೇಳಿತ್ತು. ಅದು ಮಧ್ಯಂತರ ಆದೇಶ (ಕೊನೇ ತೀರ್ಪಲ್ಲ), ಉತ್ತರ ಬರೆಯುವಾಗ ಹಾಗೇ ಬರೆಯಿರಿ.