ಜನಗಣತಿಯಲ್ಲಿ ಇರುವವರೆಲ್ಲ ಮತದಾರರಲ್ಲ

ಇಂಗ್ಲೆಂಡಿನ ನನೀಟನ್ ಕ್ಷೇತ್ರದ ವಿಶ್ಲೇಷಣೆ ಬೇಕೆಂದು ಬರುವವರು ಮೊದಲು ಕೇಳುವುದು ಒಂದೇ: ಯಾವ ಸಮುದಾಯದ ಮತ ಎಷ್ಟಿದೆ, ಅವು ಯಾರಿಗೆ ಬಿದ್ದವು? ಚುನಾವಣಾ ಅಂಕಿಅಂಶವನ್ನೇ ಕಸುಬಾಗಿಸಿಕೊಂಡ ನಾನು ಅದನ್ನು ಹೇಳಲು ಬರುವುದಿಲ್ಲ ಎಂದರೆ, ಬೂತ್‌ವಾರು ಲೆಕ್ಕದಲ್ಲಿ ಪಳಗಿದ ನಮ್ಮವರಿಗೆ ನಾನೇನೋ ಮುಚ್ಚಿಡುತ್ತಿದ್ದೇನೆ ಅನ್ನಿಸುತ್ತದೆ.

ಈ ಕ್ಷೇತ್ರವನ್ನು 2010ರಲ್ಲಿ ಕನ್ಸರ್ವೇಟಿವ್ ಪಕ್ಷ ಲೇಬರ್‌ನಿಂದ ಕಿತ್ತುಕೊಂಡದ್ದು 2,069 ಮತಗಳ ಅಂತರದಲ್ಲಿ. 2015ರಲ್ಲಿ ಆ ಅಂತರ 4,882ಕ್ಕೆ ಏರಿದಾಗ, ಇಂಥ ಕ್ಷೇತ್ರವನ್ನೇ ಗೆಲ್ಲಲಾಗದ ಲೇಬರ್‌ಗೆ ದೇಶದ ಅಧಿಕಾರ ದಕ್ಕುವುದಿಲ್ಲವೆಂದು ಎಣಿಕೆಯ ರಾತ್ರಿಯೇ ಅನೇಕರಿಗೆ ಖಾತ್ರಿಯಾಯಿತು. 2019ರಲ್ಲಿ ಅಂತರ 13,144. 2024ರಲ್ಲಿ ಲೇಬರ್ 3,479 ಮತಗಳಿಂದ ಮರಳಿ ಗೆದ್ದಿತು, ರಿಫಾರ್ಮ್ ಪಕ್ಷ ಮೂರನೆಯದಾಯಿತು. ರಿಬ್ಬನ್ ನೇಯ್ಗೆಯೂ ಕಲ್ಲಿದ್ದಲ ಗಣಿಯೂ ಹೋದ ಮೇಲೆ ಊರು ಗೋದಾಮುಗಳನ್ನೂ ಪಕ್ಕದ ಕವೆಂಟ್ರಿ ನಗರದ ಕೆಲಸಗಳನ್ನೂ ನೆಚ್ಚಿಕೊಂಡಿದೆ. ಊರಿನ ಬಡಾವಣೆಗಳಲ್ಲೇ, ಗಣಿಗಾರರ ನೆನಪಿನ ಕ್ಯಾಂಪ್ ಹಿಲ್‌ಗೂ ಸ್ವಂತ ಮನೆಗಳ ವೈಟ್‌ಸ್ಟೋನ್‌ಗೂ ಬದುಕಿನಲ್ಲಿ ಬಹಳ ಅಂತರವಿದೆ.

ಆದರೆ ಕ್ಯಾಂಪ್ ಹಿಲ್ ಯಾರಿಗೆ ಮತ ಹಾಕಿತೆಂದು ಅಧಿಕೃತವಾಗಿ ಹೇಳುವ ಕಾಗದವೇ ಇಲ್ಲ. ನಮ್ಮಲ್ಲಿ ಅಂತಿಮ ಫಲಿತಾಂಶದ ಪಟ್ಟಿಯಾದ ಫಾರಂ 20 ತೆರೆದರೆ ಮತಗಟ್ಟೆಗೊಂದು ಸಾಲು ಸಿಗುತ್ತದೆ. ಬ್ರಿಟನ್ನಿನಲ್ಲಿ ಒಂದು ಪೆಟ್ಟಿಗೆಯ ಮತಪತ್ರಗಳ ಸಂಖ್ಯೆಯನ್ನು ತಾಳೆ ನೋಡಿ, ಬೇರೆ ಪೆಟ್ಟಿಗೆಯವುಗಳೊಡನೆ ಬೆರೆಸಿದ ಮೇಲೆಯೇ ಅಭ್ಯರ್ಥಿವಾರು ಎಣಿಕೆ. ತಾಳೆ ನೋಡುವ ಆ ಕೆಲವು ನಿಮಿಷ ಪಕ್ಷದ ಏಜೆಂಟರು ಮೇಜಿನ ಮೇಲೆ ಬಾಗಿ, ಕಣ್ಣಿಗೆ ಬಿದ್ದಷ್ಟು ಗುರುತುಗಳನ್ನು ನಾಲ್ಕು ಗೀಟು, ಅಡ್ಡಕ್ಕೊಂದು ಗೀಟು ಎಂದು ಬರೆದುಕೊಳ್ಳುತ್ತಾರೆ. ಅದು ಅಂದಾಜು, ಅವರ ಪಕ್ಷದ ಸ್ವತ್ತು, ಫಲಿತಾಂಶವಲ್ಲ.

ಹಾಗಾಗಿ ಜನ ಜನಗಣತಿಯತ್ತ ಓಡುತ್ತಾರೆ. ಈಚೆಗೊಬ್ಬರು 2021ರ ಗಣತಿಯ ಜನಾಂಗವಾರು ಶೇಕಡಾವಾರನ್ನು ಮತದಾರರ ಸಂಖ್ಯೆಯಿಂದ ಗುಣಿಸಿ, ಬಣ್ಣಬಣ್ಣದ ನಕ್ಷೆಯನ್ನೇ ತಂದಿದ್ದರು. ಗಣತಿ ಅಲ್ಲಿ ವಾಸಿಸುವ ಎಲ್ಲರನ್ನೂ, ಮಕ್ಕಳನ್ನೂ, ಲೆಕ್ಕಕ್ಕೆ ಹಿಡಿಯುತ್ತದೆ. ಸಂಸತ್ ಚುನಾವಣೆಯ ಪಟ್ಟಿಗೆ ಸೇರುವವರು ಬ್ರಿಟಿಷ್, ಐರಿಷ್ ಮತ್ತು ಅರ್ಹ ಕಾಮನ್‌ವೆಲ್ತ್ ಪ್ರಜೆಗಳು ಮಾತ್ರ. ಹದಿನೈದು ವರ್ಷದಿಂದ ಗೋದಾಮಿನಲ್ಲಿ ದುಡಿಯುತ್ತಿರುವ ಪೋಲೆಂಡಿನವರಿಗೆ, ಬ್ರಿಟಿಷ್ ಪೌರತ್ವ ಪಡೆಯದಿದ್ದರೆ, ಸಂಸತ್ತಿಗೆ ಮತವಿಲ್ಲ. ಭಾರತವೂ ಕಾಮನ್‌ವೆಲ್ತ್ ದೇಶವಾದ್ದರಿಂದ, ಕಾನೂನುಬದ್ಧ ವೀಸಾದಲ್ಲಿ ನೆಲೆಸಿರುವ ಭಾರತೀಯರಿಗೆ ಸಾಮಾನ್ಯವಾಗಿ ಇದೆ. ಬ್ರೆಕ್ಸಿಟ್‌ನ ಲೆಕ್ಕವೂ ಹೀಗೆಯೇ ಜಾರುತ್ತದೆ. 2016ರಲ್ಲಿ ಐರೋಪ್ಯ ಒಕ್ಕೂಟದಿಂದ ಹೊರಬರಲು ಬಿದ್ದ ಶೇ. 66 ಮತ ನನೀಟನ್ ಮತ್ತು ಬೆಡ್‌ವರ್ತ್ ಎಂಬ ಸ್ಥಳೀಯಾಡಳಿತ ಪ್ರದೇಶದ್ದು, ಬೆಡ್‌ವರ್ತ್ ಇರುವುದು ಬೇರೊಂದು ಕ್ಷೇತ್ರದಲ್ಲಿ. ಕ್ಷೇತ್ರದ ಪ್ರಮಾಣ ಅದರ ಆಸುಪಾಸಿನಲ್ಲೇ ಇರಬಹುದು, ಆದರೆ ‘ಇರಬಹುದು’ ಎಂಬ ಪದವನ್ನು ವರದಿಯಿಂದ ತೆಗೆಯಲು ನಾನು ಒಪ್ಪುವುದಿಲ್ಲ.

ನನೀಟನ್‌ನಲ್ಲಿ ಬಾಡಿಗೆಗಿದ್ದು ಕವೆಂಟ್ರಿಗೆ ಕೆಲಸಕ್ಕೆ ಹೋಗುವ ಹಾಸನದ ಹುಡುಗನೊಬ್ಬ ನನಗೆ ಪರಿಚಿತ. ಗಣತಿಯಲ್ಲಿ ಅವನಿದ್ದ, ಮತದಾರರ ಪಟ್ಟಿಯಲ್ಲಿ ಇರಲಿಲ್ಲ. “ಓಟು ನಂಗೂ ಇದೆಯಾ ಸಾರ್?” ಎಂದು ಕೇಳಿದಾಗ ಅವನ ಮುಖ ಅರಳಿದ್ದು ನನಗಿನ್ನೂ ನೆನಪಿದೆ. ಹೆಸರು ನೋಂದಾಯಿಸಿಕೊಂಡು, 2024ರ ಜುಲೈ 4ರಂದು ಭಾರತದ ಪಾಸ್‌ಪೋರ್ಟನ್ನೇ ಗುರುತಿಗೆ ತೋರಿಸಿ ಮತ ಹಾಕಿ ಬಂದ. ಯಾರಿಗೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.